ಗಂಟಿಲ್ಲದ ಮನೆ

ಫೆಬ್ರವರಿ ೩, ಬೆಳಗ್ಗೆ

ಅಮ್ಮ ರಕ್ತ ಕೆಮ್ಮುತ್ತಿದ್ದಾಳೆ. ಆರು ತಿಂಗಳಾಯಿತು. ಅಪ್ಪನಿಗೆ ಹೇಳಿಲ್ಲ. ಶಾಲೆ ಬಿಟ್ಟದ್ದನ್ನು ಅದೇ ದಿನ ಬಂದು ಹೇಳಿದವನು ನಾನು. ಇದೊಂದು ಆಗಲಿಲ್ಲ...

ಪೂಜಾರಿಯ ಮಂಚದ ಕಾಲಿಗೆ ಮಣ್ಣು ಮೆತ್ತಿರಬೇಕು ಅಂತ ಶಾಸ್ತ್ರ; ಇವತ್ತೂ ಅವರಿಬ್ಬರ ಮಂಚಕ್ಕೆ ನಾನೇ ಮೆತ್ತಿದೆ. ರಕ್ತದ ಬಟ್ಟೆಗಳನ್ನು ಅಂಜೂರದ ಬುಡದಲ್ಲಿ ಹೂತೆ. ಅಪ್ಪನ ಕೂದಲು, ಉಗುರು ಶಾಸ್ತ್ರದಂತೆ ಹೂಳುವುದೂ ಅಲ್ಲೇ.

“ಶಾಲೆ ಬಿಟ್ಟ ಕೈಗೆ ಒಳ್ಳೇ ಕೆಲಸ ಸಿಕ್ತು ಬಿಡಿ, ಚಿಕ್ಕ ಯಜಮಾನ್ರೇ,” ಎಂದಳು ಆಳು ಫಿಲೆಮಾ. ಅತ್ತಳು ಕೂಡ.

ಫೆಬ್ರವರಿ ೬

ಸಾಕಾಗಿದೆ. ರೋಮಿನಲ್ಲಿ ಜ್ಯೂಪಿಟರ್ ದೇವರ ಪೂಜಾರಿಯಾದ ಅಪ್ಪನಿಗಿರುವಷ್ಟು ಕಟ್ಟುಪಾಡು ಇನ್ನಾರಿಗೂ ಇಲ್ಲ. ಅಪ್ಪ ಕುದುರೆ ಹತ್ತುವಂತಿಲ್ಲ. ಹೆಣ ಮುಟ್ಟುವಂತಿಲ್ಲ. ಮೈಮೇಲೆ ಒಂದು ಗಂಟಿರುವಂತಿಲ್ಲ — ಬದುಕೆಲ್ಲ ಕಟ್ಟು. ಮನೆಯಲ್ಲಿ ನನ್ನ ಚಪ್ಪಲಿಗೂ ಕೊಕ್ಕೆಯೇ.

ಅಮ್ಮ ಕರೆದು ಕೂರಿಸಿಕೊಂಡಳು. “ಹೆಂಡ್ತಿ ಸತ್ತ ದಿನವೇ ಇವರ ಪೂಜೆ ಹೋಗ್ತದೆ, ಈ ಮನೆ ಹೋಗ್ತದೆ. ನಿಮ್ಮಪ್ಪಂಗೆ ಬೇರೆ ಏನು ಬರ್ತದೋ ಮಗಾ? ಹೇಗೋ ಎಳೀತೀನಿ. ನೀನು ಬಾಯಿ ಬಿಡಬೇಡ.”

“ಕೇಳಿದ್ರೆ ಸುಳ್ಳು ಹೇಳಲ್ಲಮ್ಮ.”

“ಕೇಳಲ್ಲ ಬಿಡು, ಆ ಮನುಷ್ಯ.”

ಫೆಬ್ರವರಿ ೧೩

ಪಿತೃಗಳ ದಿನ. ಅಮ್ಮ ಏಳಲಿಲ್ಲ. ಅಜ್ಜಿಯ ಸಮಾಧಿಗೆ ನಾನೊಬ್ಬನೇ ಹೋಗಿ ಬಂದೆ.

ಅವಳಿಗೇನಾಗಿದೆ ಅಂತ ಅಪ್ಪ ಕೇಳಿದರು. ಹೇಳಿಬಿಟ್ಟೆ.

“ಒಂದೇ ಮಂಚ ಕಣೋ. ಕೆಮ್ಮಿದ್ದು ಕೇಳಿಸಲ್ವಾ ನನಗೆ?”

“ಮತ್ತೆ ಇಷ್ಟು ದಿನ ಸುಮ್ನಿದ್ರಲ್ಲ?”

“ನನಗೆ ಗೊತ್ತು ಅಂತ ಗೊತ್ತಾದ್ರೆ, ಎಳೆಯೋದು ಬಿಟ್ಟುಬಿಡ್ತಾಳೆ.”

ಫೆಬ್ರವರಿ ೧೯

ಅಮ್ಮ ಹೋದಳು. ನಡುಮಧ್ಯಾಹ್ನ.

ಅಪ್ಪ ಹೊಸ್ತಿಲಾಚೆ ನಿಂತಿದ್ದರು. ಆಮೇಲೆ ಪೂಜಾರಿಕೆಯ ಗುರುತಾದ ಟೋಪಿ ತೆಗೆದು ನನ್ನ ಕೈಗಿಟ್ಟರು. ಒಳಗೆ ಹೋದರು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಟೋಪಿ ಇಷ್ಟು ಹಗುರ ಅಂತ ಗೊತ್ತಿರಲಿಲ್ಲ.

ಫೆಬ್ರವರಿ ೨೪

ಹೊಸ ಪೂಜಾರಿಯ ಕಡೆಯವರು ಮನೆ ನೋಡಿ ಹೋದರು. ಕಿಟಕಿ ಸಣ್ಣದಂತೆ.

“ಗಂಟುಮೂಟೆ ಕಟ್ಟಿ ಇನ್ನು,” ಎಂದಳು ಫಿಲೆಮಾ. ಅಪ್ಪ, ಅಮ್ಮನ ನಿಲುವಂಗಿಗಳನ್ನೆಲ್ಲ ಹೊದಿಕೆಯೊಂದರ ಮೇಲಿಟ್ಟು, ನಾಲ್ಕು ತುದಿ ಹಿಡಿದುಕೊಂಡು ಕೂತೇ ಇದ್ದರು. ಗಂಟು ಹಾಕಲು ಕೈ ಮರೆತಿತ್ತು. ಪೂಜಾರಿಯಾಗಿ ಇಪ್ಪತ್ತಾರು ವರ್ಷ.

“ತೋರ್ಸೋ.”

ನನಗೂ ಸರಿಯಾಗಿ ಬಾರದು. ಇಬ್ಬರೂ ಸೇರಿ ಹಾಕಿದೆವು. ಎರಡು ಸಲ ಬಿಚ್ಚಿಕೊಂಡಿತು. ಮೂರನೆಯದು ನಿಂತಿತು. ಅಪ್ಪ ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಈ ಮನೆ ಬಿಟ್ಟು ಓಡಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದೆನೋ...

ಮಂಚದ ಕಾಲಿಗೆ ಇವತ್ತು ಮಣ್ಣು ಮೆತ್ತಲಿಲ್ಲ. ನಾಳೆ ಹೊರಡುತ್ತೇವೆ.