ಐಜದಿಂದ ಶಾಂತಿನಗರ

ಜೂನ್ ೨೨, ಭಾನುವಾರ. ಸಂಜೆ ಏಳು.

ಹೊಲಿಗೆ ಯೂನಿಟ್ಟಿಗೆ ರಜ. ಬೆಳಿಗ್ಗೆ ಬಟ್ಟೆ ಒಗೆದೆ. ಹತ್ತಕ್ಕೆ ಕರೆಂಟ್ ಹೋಯಿತು. ಬಾಗಿಲ ಬಳಿ ಬೆಳಕಿಗೆ ಕುಳಿತು ಕೌದಿ ಹೊಲಿದೆ. ವಾರದಲ್ಲಿ ಆರು ದಿನ ಸ್ಕೂಲ್ ಬ್ಯಾಗಿಗೆ ಮಷಿನ್ ಹೊಲಿಗೆ, ಏಳನೆಯ ದಿನ ಇದು.

ಮಾರ್ಚ್‌ನಲ್ಲಿ ಊರಿಂದ ಶ್ರೀಶೈಲಕ್ಕೆ ನಡೆದ ದಾರಿಯನ್ನೇ ಕೌದಿಯಲ್ಲಿ ಹೊಲಿಯುತ್ತಿದ್ದೇನೆ. ದಿನಕ್ಕೊಂದು ತುಂಡು, ಹದಿಮೂರು ದಿನ. ನೆಲಕ್ಕೆ ತಮ್ಮ ಪರಮೇಶನ ಅಂಗಿಗಳು, ಲುಂಗಿ. ಕಾಲು ನಡೆದ ಗೆರೆಗೆ ಕೆಂಪು ದಾರ. ಇವತ್ತಿಗೆ ರಾಯಚೂರು ದಾಟಿದೆ.

ಅಂಗಿಗಳ ಮೇಲೆ ಸಿಮೆಂಟ್ ಕಲೆ ಇನ್ನೂ ಇದೆ. ಎಷ್ಟು ಒಗೆದರೂ ಹೋಗಲಿಲ್ಲ. ಈಗ ಹೋಗುವುದೂ ಬೇಡ.

ತಮ್ಮ ಹನ್ನೊಂದು ಯುಗಾದಿಗೆ ಹೀಗೇ ನಡೆದಿದ್ದ. ಹನ್ನೆರಡು ಮಾಡುತ್ತೇನೆಂದು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ. ನವೆಂಬರ್‌ನಲ್ಲಿ, ಕೆಲಸದ ಜಾಗದಲ್ಲಿ ಬುತ್ತಿ ಬಿಚ್ಚಿ ಕುಳಿತವನು ಏಳಲಿಲ್ಲ. ಹಾರ್ಟ್ ಎಂದರು. ನಲವತ್ತೊಂದು ವರ್ಷ. ಹನ್ನೆರಡನೆಯದನ್ನು ಅವನ ಬದಲಿಗೆ ನಾನು ನಡೆದೆ.

ಎಲ್ಲರೂ ಹಾಗೆಂದುಕೊಂಡಿದ್ದಾರೆ.

ಜೂನ್ ೨೯, ಭಾನುವಾರ. ಸಂಜೆ.

ಪೂರ್ವಿ ಬಂದಿದ್ದಳು. ಕನ್ನಡ ಸಂಘದ ಹುಡುಗಿ, ಮೈಸೂರಿನವಳು, ಬೇಗಂಪೇಟೆಯಲ್ಲಿ ಕಂಪ್ಯೂಟರ್ ಕೆಲಸ. ಕೌದಿ ನೋಡಿ ನೆಲದ ಮೇಲೆ ಮಂಡಿಯೂರಿ ಕುಳಿತುಬಿಟ್ಟಳು. ಆಗಸ್ಟ್ ಮೂರಕ್ಕೆ ಕಾಚಿಗೂಡದ ಹಾಲ್‌ನಲ್ಲಿ ಪ್ರೋಗ್ರಾಂ ಇದೆಯಂತೆ. ಕೌದಿಯನ್ನು ಸ್ಟೇಜಿನ ಹಿಂದೆ ಕಟ್ಟುತ್ತಾರೆ, ನಾನು ದಾರಿಯ ಕಥೆ ಹೇಳಬೇಕು.

"ನನಗ ಮಾತು ಬರಂಗಿಲ್ಲವ್ವ."

"ಈಗ ಅರ್ಧ ಗಂಟೆ ಹೇಳಿದ್ರಲ್ಲ ಆಂಟಿ? ಅದನ್ನೇ ಮೈಕಲ್ಲಿ ಹೇಳಿ."

ಹೂಂ ಎಂದೆ. ಯಾಕೆ ಅಂದೆನೋ. ಆರನೆಯ ತುಂಡು ಇನ್ನೂ ಮುಟ್ಟಿಲ್ಲ.

ಜುಲೈ ೬, ಭಾನುವಾರ. ಮಧ್ಯಾಹ್ನ ಮೂರು.

ಆರನೆಯ ತುಂಡು. ಐಜದಿಂದ ಶಾಂತಿನಗರ. ಪರಮೇಶನ ನೀಲಿ ಅಂಗಿ.

ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ.

ಆ ದಿನ ನಸುಕಿನಲ್ಲಿ ಐಜ ಬಿಟ್ಟೆವು. ಬಲ ಹಿಮ್ಮಡಿಯ ಬೊಬ್ಬೆ ಹಿಂದಿನ ದಿನವೇ ಒಡೆದಿತ್ತು. ಊರು ದಾಟುವಷ್ಟರಲ್ಲಿ ಹಿಂದೆ ಬಿದ್ದೆ. ಮುಂದಿನವರ "ಮಲ್ಲಯ್ಯಾ" ಎಂಬ ಕೂಗು ಸಣ್ಣಗಾಗುತ್ತ ಹೋಗಿ ನಿಂತೇಬಿಟ್ಟಿತು. ಎರಡೂ ಕಡೆ ಬರಿ ಮೆಣಸಿನಕಾಯಿ ಹೊಲ. ಆಮೇಲೆ ಅಡುಗೆ ಸಾಮಾನಿನ ಟೆಂಪೊ ಬಂತು. ಓಡಿಸುವವನು ಸಾಬಣ್ಣ, ತಮ್ಮನ ಜೊತೆಗಾರ.

"ಹತ್ತ್ರಿ ಅಕ್ಕಾರ. ಅಕ್ಕಿ ಚೀಲದ ಹಿಂದ ಕುಂದರ್ರಿ, ಯಾರಿಗೂ ಕಾಣಂಗಿಲ್ಲ."

ಹತ್ತಿದೆ. ಹದಿನೆಂಟೋ ಇಪ್ಪತ್ತೋ ಕಿಲೋಮೀಟರ್. ಶಾಂತಿನಗರಕ್ಕೆ ಮೊದಲು ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದೆ ಇಳಿದು, ಮರೆಯಲ್ಲಿ ಕುಳಿತಿದ್ದು, ಎಲ್ಲರೂ ಬಂದಾಗ ಸಾಲಿನ ಕೊನೆಗೆ ಸೇರಿಕೊಂಡೆ.

ಹತ್ತಿದ್ದಕ್ಕಿಂತ ಆಮೇಲಿನದೇ ಸಂಕಟ. ಆ ಊರಿನ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ನಡೆದು ಬಂದವರ ಕಾಲು ತೊಳೆದು ಕಣ್ಣಿಗೆ ಒತ್ತಿಕೊಳ್ಳುವುದು ಅವರ ಪದ್ಧತಿ. ಒಬ್ಬಳು ಬಸುರಿ ನನ್ನ ಕಾಲೂ ತೊಳೆದು ಹಣೆ ಮುಟ್ಟಿಸಿದಳು. ಬೇಡ ಎನ್ನಲಿಲ್ಲ ನಾನು. ಮಧ್ಯಾಹ್ನ ನಮ್ಮ ತಂಡದ ಹಿರಿಯಳು ಗದಿಗೆಮ್ಮಾಯಿ ಹರಳೆಣ್ಣೆ ಹಚ್ಚಿ ನನ್ನ ಕಾಲು ತಿಕ್ಕಿದಳು. ಅರವತ್ತೆಂಟು ವರ್ಷದವಳು, ನಡೆದು ಬಂದವಳು, ಟೆಂಪೊದಲ್ಲಿ ಬಂದವಳ ಕಾಲು ತಿಕ್ಕಿದಳು. "ಪರಮೇಶನ ಅಕ್ಕ ಪರಮೇಶನಂಗ ಗಟ್ಟಿ" ಎಂದರು ಯಾರೋ.

ಮಲ್ಲಯ್ಯ ಲೆಕ್ಕಕ್ಕೆ ಹನ್ನೊಂದು ವರ್ಷ ಹಿಡಿಯುತ್ತಾನೋ, ಹನ್ನೆರಡೋ? ತಮ್ಮನ ಹರಕೆಯನ್ನು ಅಕ್ಕಿ ಚೀಲದ ಹಿಂದೆ ಕುಳಿತು ಕೆಡಿಸಿದೆನೇ...

ಜುಲೈ ೨೭, ಭಾನುವಾರ.

ಮೂರು ವಾರ ಬರೆಯಲಿಲ್ಲ. ಇಲ್ಲಿಯವರ ಅಮ್ಮನ ಹಬ್ಬ ಬೋನಾಲು ಬಂತು, ಹೋಯಿತು. ಓಣಿಯವರೆಲ್ಲ ಗುಡಿಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಹೊಲಿದೆ.

ಹನ್ನೆರಡು ತುಂಡು ಮುಗಿದವು. ಆರನೆಯದರಲ್ಲಿ ನಾಲ್ಕು ಸಲ ಕೆಂಪು ದಾರ ಎಳೆದೆ, ನಾಲ್ಕು ಸಲವೂ ಬಿಚ್ಚಿದೆ. ಅಂಗಿ ಹಳೆಯದು, ಸೂಜಿ ತೂತು ಹಾಗೇ ಉಳಿಯಿತು. ಕೊನೆಗೆ ಖಾಲಿ ಬಿಟ್ಟೆ.

ಪೂರ್ವಿ ಫೋಟೊ ತೆಗೆಯಲು ಬಂದಳು.

"ಆಂಟಿ, ಇದೊಂದು ಮಾತ್ರ ಖಾಲಿ! ಡಿಸೈನಾ? ನೆಗೆಟಿವ್ ಸ್ಪೇಸ್ ಅಂತಾರೆ ಇದಕ್ಕೆ. ಸೂಪರ್."

ಅದೇನೋ. ತಲೆ ಆಡಿಸಿದೆ.

ಸಂಜೆ ವಾಟ್ಸಾಪಿನಲ್ಲಿ ಪಾಂಪ್ಲೆಟ್ ಬಂತು. ನನ್ನ ಫೋಟೊ. ಕೆಳಗೆ: "ತಮ್ಮನ ಹರಕೆಗಾಗಿ ಒಂದು ಹೆಜ್ಜೆಯನ್ನೂ ಬಿಡದೆ ನಡೆದ ಅಕ್ಕ — ಸುಮಂಗಲಾ."

ಊಟ ಸೇರಲಿಲ್ಲ.

ಆಗಸ್ಟ್ ೩, ಭಾನುವಾರ. ರಾತ್ರಿ ಎಂಟು.

ಇವತ್ತಿನದನ್ನು ಇವತ್ತೇ ಬರೆಯಬೇಕು.

ಹಾಲ್ ತುಂಬಿತ್ತು. ಅರ್ಧ ಕೂಲಿ ಕೆಲಸದ ನಮ್ಮ ಕಡೆಯವರು, ಅರ್ಧ ಪೂರ್ವಿಯ ಆಫೀಸಿನ ಥರದವರು. ಮುಂದಿನ ಸಾಲಿನಲ್ಲಿ ಗದಿಗೆಮ್ಮಾಯಿ, ಹೊಸ ಸೀರೆ, ಬಾಯಲ್ಲಿ ಎಲೆ. ಕೋಲು ಹಿಡಿದು ಒಂದೊಂದೇ ತುಂಡು ತೋರಿಸಿದೆ. ಕೃಷ್ಣೆಯ ಸೇತುವೆ ಹೇಳಿದೆ, ಮರಗಾಲು ಕಟ್ಟಿಕೊಂಡು ನಡೆದ ಹುಡುಗರನ್ನು ಹೇಳಿದೆ. ಚಪ್ಪಾಳೆ. ಐದಾಯಿತು. ಆರು ಬಂತು.

ಇದನ್ನು ಬಿಟ್ಟು ಏಳಕ್ಕೆ ಹೋಗೋಣ ಎಂದುಕೊಂಡೇ ಬಂದಿದ್ದೆ. ಕೋಲು ಹೋಗಲಿಲ್ಲ.

"ಇಲ್ಲಿ ನಾ ನಡದಿಲ್ಲ. ಟೆಂಪೊ ಹತ್ತಿದ್ದೆ. ಕಾಲ ತೊಳಿಸಿಕೊಂಡೆ. ಪಾಂಪ್ಲೆಟ್‌ನ್ಯಾಗ ಇರೋದು ಖರೆ ಅಲ್ಲ."

ಪೂರ್ವಿಯ ಮುಖ ನೋಡಲಾಗಲಿಲ್ಲ. ಆಗ ಮುಂದಿನ ಸಾಲಿನಿಂದ ಆಯಿ —

"ಗೊತ್ತೈತಿ, ಮುಂದ ಹೇಳು."

"ಏನು ಗೊತ್ತೈತಿ ಆಯಿ?"

"ಎಣ್ಣಿ ಹಚ್ಚಿದಾಕಿ ನಾನಲ್ಲೇನ? ಎಲ್ಲಾರ ಹಿಮ್ಮಡಿ ಸೀಳಿನ್ಯಾಗ ಎಷ್ಟ ತೊಳದ್ರೂ ಆವತ್ತಿನ ಕರಿ ಮಣ್ಣ ಇತ್ತು. ನಿನ್ನ ಹಿಮ್ಮಡಿ, ಬೊಬ್ಬಿ ಒಂದು ಬಿಟ್ರ, ಮದಲಗಿತ್ತಿ ಹಿಮ್ಮಡಿ ಆಗಿತ್ತು!"

ಹಾಲ್ ಪೂರ್ತಿ ನಕ್ಕಿತು. ಹಿಂದಿನಿಂದ ಸಾಬಣ್ಣ ಕೂಗಿದ: "ಅಕ್ಕಾರ, ನನ್ನ ಹೆಸರ ಹೇಳಬ್ಯಾಡ್ರಿ ಮತ್ತ!" ಇನ್ನಷ್ಟು ನಗು. ನಾನು ಮಾತ್ರ ಮೈಕ್ ಹಿಡಿದು ಅಳುತ್ತಿದ್ದೆ.

"ಅಳತಿ ಯಾಕ?" ಆಯಿ ಎದ್ದು ನಿಂತಳು. "ನಿನ್ನ ತಮ್ಮ ಮೂರನೇ ವರ್ಷ ಜ್ವರ ಬಂದು ಆತ್ಮಕೂರಿಗೆ ಬಸ್ಸಿನ್ಯಾಗ ಹೋಗಿದ್ದ. ಶ್ರಾವಣದಾಗ ತಿರುಗಿ ಹೋಗಿ, ಬಿಟ್ಟಷ್ಟು ದಾರಿ ನಡದು ಬಂದ. ನಮ್ಮ ಹಿರ್ಯಾರು ಎಲ್ಲಾರೂ ಹಂಗ ಮಾಡ್ಯಾರ. ನಮ್ಮ ನಾಡಿನ ಮಗಳ್ನ ಮಾಡಿಕೊಂಡ ಮಲ್ಲಯ್ಯ ನಮ್ಮ ಅಳಿಯ ಅಲ್ಲೇನ? ಅಳಿಯನ ಮನಿಗೆ ಒಮ್ಮೆ ತಡಾ ಆತು ಅಂದ್ರ ಬಾಗಲಾ ಹಾಕ್ಕೊಂತಾನೇನು? ದಾರಿ ಅಲ್ಲೇ ಬಿದ್ದೈತಿ. ಹೋಗಿ ನಡದು ಬಾ."

"ನನಗ ಹೇಳಲೇ ಇಲ್ಲಲ್ಲ ಅಂವ?"

"ಅಕ್ಕಗ ಹೇಳಬ್ಯಾಡ ಆಯಿ ಅಂದಿದ್ದ. ಅಕ್ಕ ನನ್ನ ಭಾಳ ದೊಡ್ಡ ಭಕ್ತ ಅಂತ ತಿಳಕೊಂಡಾಳ, ಅಂದ."

ಏಳನೆಯ ತುಂಡಿನಿಂದ ಹದಿಮೂರರವರೆಗೆ ಹೇಗೆ ಹೇಳಿದೆನೋ ನೆನಪಿಲ್ಲ. ಹೇಳಿದೆ. ಮುಗಿದ ಮೇಲೆ ಪೂರ್ವಿ ಬಂದು ಕೈ ಹಿಡಿದಳು. "ಸಾರಿ ಆಂಟಿ, ಪಾಂಪ್ಲೆಟ್ ನಾನೇ ಬರೆದಿದ್ದು. ನಿಮ್ಮನ್ನ ಕೇಳ್ಬೇಕಿತ್ತು." ಅವಳದೇನು ತಪ್ಪು.

ಬಸ್ಸಿನಲ್ಲಿ ಬರುವಾಗ ಆಯಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಹಸಿವಾಯಿತು. ಎರಡು ರೊಟ್ಟಿ ತಿಂದೆ.

ಆಗಸ್ಟ್ ೪, ಸೋಮವಾರ. ಬೆಳಿಗ್ಗೆ ಐದೂವರೆ.

ಚೆನ್ನಾಗಿ ನಿದ್ದೆ. ನವೆಂಬರ್‌ನಿಂದ ಇಂಥದ್ದು ಬಂದಿರಲಿಲ್ಲ.

ಎದ್ದ ಕೂಡಲೇ ಆ ಶ್ರಾವಣ ನೆನಪಾಯಿತು. ಜೊತೆಗಾರನ ಮದುವೆ, ಕರ್ನೂಲಿನಲ್ಲಿ, ಎಂದು ಹೇಳಿ ಹೋಗಿದ್ದ ತಮ್ಮ. ಮೂರು ದಿನಕ್ಕೆ ಕುಂಟುತ್ತ ಬಂದ. "ಕಾಲಿಗೇನಾತು?" ಎಂದರೆ "ಮದುವ್ಯಾಗ ಕುಣದೆ" ಎಂದ. ಅಕ್ಕನಿಗೆ ನಾಲ್ಕು ಬುಂದಿ ಉಂಡೆ ತರಲು ಆಗಲಿಲ್ಲವೇ ಎಂದು ಇಡೀ ಸಂಜೆ ಬೈದಿದ್ದೆ. ತಲೆ ತಗ್ಗಿಸಿ ಬೈಸಿಕೊಂಡ, ಕಳ್ಳ.

ಒಲೆ ಮುಂದೆ ಒಬ್ಬಳೇ ನಕ್ಕೆ. ಜೋರಾಗಿ. ಪಕ್ಕದ ಮನೆಯ ತೆಲುಗಿನವಳು "ಏಮೈಂದಿ ಅಕ್ಕಾ?" ಎಂದು ಕೇಳಿದಳು. ಏನೂ ಆಗಿಲ್ಲ ಎಂದೆ.

ಆಗಸ್ಟ್ ೯, ಶನಿವಾರ. ಸಂಜೆ ಆರು.

ರಾಖಿ ಹುಣ್ಣಿಮೆ. ಯೂನಿಟ್ಟಿನಲ್ಲಿ ಎಲ್ಲ ಗಂಡಸರ ಕೈಯಲ್ಲೂ ರಾಖಿ. ನೋಡಲಿಲ್ಲ ಎಂದರೆ ಸುಳ್ಳು. ನೋಡಿದೆ. ಮಷಿನ್ ನಿಲ್ಲಿಸದೆ ನೋಡಿದೆ.

ಸೂಪರ್‌ವೈಸರ್ ಸೋಮವಾರ, ಮಂಗಳವಾರ ರಜ ಕೊಟ್ಟ. ಯಾಕೆ ಎಂದ. ನಡೆಯುವುದಿದೆ ಎಂದೆ. ಮುಖ ನೋಡಿ ಸಹಿ ಹಾಕಿದ.

ಗದಿಗೆಮ್ಮಾಯಿಯೂ ಬರುತ್ತಾಳಂತೆ. "ನಾ ನಡಿಯಂಗಿಲ್ಲ ಮತ್ತ. ನಂದು ಮುಗದೈತಿ. ಆಟೊದಾಗ ಕುಂತು ನಿನ್ನ ಕಾಯತೀನಿ. ಈ ಸಲ ಚೀಲದ ಹಿಂದ ಜಾಗಾ ಇಲ್ಲ." ಐಜದ ಗುಡಿಯಲ್ಲಿ ಒಂದು ರಾತ್ರಿ ತಂಗುವುದು, ಶ್ರಾವಣ ಸೋಮವಾರ ನಸುಕಿಗೆ ಹೊರಡುವುದು. ಹಿಮ್ಮಡಿಗೆ ಪಟ್ಟಿ ತಂದಿದ್ದೇನೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಯಾಯಿತು. ಕೌದಿ ಇಲ್ಲೇ ಇರುತ್ತದೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಕಾಚಿಗೂಡದಿಂದ ಗದ್ವಾಲಕ್ಕೆ ಟ್ರೈನು, ಅಲ್ಲಿಂದ ಐಜಕ್ಕೆ ಬಸ್ಸು.