ನೈಟಿಗೂ ಸೇರಿದ ಹೊಲಿಗೆ

ಮಂಗಳವಾರ, ೧೪

ನಾಡಿದ್ದೇ ಕಲಾಪ್ರದರ್ಶನ, ಅಲ್ಲಿಡಬೇಕಾದ ನನ್ನ ಬಟ್ಟೆಯ ಕಲಾಕೃತಿ ಇನ್ನೂ ಮುಗಿದಿಲ್ಲ. ಅಜ್ಜಿ, ಅಮ್ಮ, ಅತ್ತೆ ಮೂವರ ಹಳೇ ಲಂಗಗಳನ್ನು ಬಿಚ್ಚಿ ಒಂದೇ ಹಾಸಾಗಿ ಜೋಡಿಸುತ್ತಿದ್ದೇನೆ. ಒಂದು ಲಂಗಕ್ಕೂ ಜೇಬಿರಲಿಲ್ಲ. ಅದಕ್ಕೇ ಹಾಸಿನ ತುಂಬ ಜೇಬು. ಅದಕ್ಕಿಟ್ಟ ಹೆಸರು ‘ಬಿಡುಗಡೆ’. ಹೇಳಿಕೊಳ್ಳಲು ಈಗ ನಾಚಿಕೆ.

ಸಂಜೆ ತೊಡೆಯ ಮೇಲಿಟ್ಟುಕೊಂಡು ಕೊನೆಯ ಜೇಬು ಹೊಲಿಯುತ್ತಿದ್ದೆ. ಒಲೆಯ ಮುಂದೆಯೇ ನಿಂತಿದ್ದ ಇವರು ಕೂಗಿದರು: "ಹಾಲು ಉಕ್ತಿದೆ, ಬಾರೇ!" ಕೈ ಇಲ್ಲವೇನೋ ಮಹಾರಾಯರಿಗೆ. ದಡಬಡಿಸಿ ಎದ್ದೆ. ಹಾಸೂ ನನ್ನ ಜೊತೆಗೇ ಎದ್ದಿತು. ಜೇಬನ್ನು ನನ್ನ ನೈಟಿಗೂ ಸೇರಿಸಿ ಹೊಲಿದುಬಿಟ್ಟಿದ್ದೆ! ಮೂರು ಹೆಂಗಸರ ಲಂಗಗಳನ್ನು ನೆಲದ ಮೇಲೆ ಎಳೆದುಕೊಂಡೇ ಹೋಗಿ ಒಲೆ ಆರಿಸಿದೆ.

ಅತ್ತೆ ಬಿದ್ದು ಬಿದ್ದು ನಕ್ಕರು. "ನಾನೂ ಒಂದ್ಸಲ ಹೀಗೇ ಹೊಲ್ಕೊಂಡಿದ್ದೆ ಕಣೇ. ಬಿಚ್ಚೋಕೆ ಪುರುಸೊತ್ತೇ ಸಿಗ್ಲಿಲ್ಲ, ಹಾಗೇ ಎಲ್ಲರಿಗೂ ಬಡಿಸ್ದೆ." ಆಮೇಲೆ ಯಾಕೋ ನಗು ನಿಲ್ಲಿಸಿ, ಹಾಸಿನಲ್ಲಿದ್ದ ತಮ್ಮ ಲಂಗದ ಧೂಳು ಕೊಡವಿದರು.

ನಾನೂ ಹಾಗೇ ಬಡಿಸಿದೆ. ಪಾತ್ರೆ ತೊಳೆದೆ. ಈಗ ಬಿಚ್ಚೋಣವೆಂದು ಕೂತರೆ ಸೂಜಿಮೊನೆ ತೂರಿಸಲೂ ಸಂದಿಲ್ಲ. ಇಡೀ ಹಾಸಿನಲ್ಲಿ ಇಷ್ಟು ನೇರವಾದ, ಇಷ್ಟು ಗಟ್ಟಿಯಾದ ಹೊಲಿಗೆ ಬೇರೆಲ್ಲೂ ಬಿದ್ದಿಲ್ಲ.