ಗೆರೆಯಾಚೆಯ ಪಡಸಾಲೆ

ಹುಬ್ಬಳ್ಳಿ
2147ನೇ ಇಸವಿ, ಎರಡನೇ ಬೇಸಿಗೆಯ ಮೂವತ್ತಮೂರನೇ ತಾರೀಖು

ಪೂಜ್ಯ ಪ್ರಭಾವತಿ ಅಜ್ಜಿಯವರಿಗೆ ಇಂಚರಾ ಮಾಡುವ ಶರಣು.

ನನ್ನ ಮುತ್ತಜ್ಜಿಯನ್ನು ಹಡೆದವರು ನೀವು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ತಿಂಗಳುಗಳ ಲೆಕ್ಕ ಬಿಟ್ಟು ಬಹಳ ಕಾಲವಾಯಿತು. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನಗೆ ಭಯವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಯಜಮಾನರ ಕಾರ್ಖಾನೆ ಮುಚ್ಚಿದ ಮೇಲೆ ನಿಮ್ಮ ಮನೆ ಸಾಲದ ಕಂತನ್ನು ಸರ್ಕಾರ ಕಟ್ಟುತ್ತಿದೆ. ಸದ್ಯಕ್ಕೆ ಅದು ಬರೀ ನೆರವು, ಹಿಂದಿರುಗಿಸಬೇಕಿಲ್ಲ. ಇಷ್ಟರಲ್ಲೇ ನಿಯಮ ಬದಲಾಗುತ್ತದೆ. ಕಟ್ಟಿದ ಕಂತೆಲ್ಲ ಮನೆಯ ಮೇಲಿನ ಸಾಲವಾಗುತ್ತದೆ, ಬಡ್ಡಿ ಬೆಳೆದಂತೆ ಮನೆಯೊಳಗೆ ಸರ್ಕಾರದ ಪಾಲೂ ಬೆಳೆಯುತ್ತದೆ. ಆ ಪಾಲು ಯಾವ ಕೋಣೆಯಿಂದ ಶುರುವಾಗಬೇಕೆಂದು ಕೇಳಲು ಅಧಿಕಾರಿಗಳು ಬರುತ್ತಾರೆ. ನೀವು ಅವರಿಗೆ ಅವಲಕ್ಕಿ, ಚಹಾ ಕೊಟ್ಟು ಪಡಸಾಲೆಯನ್ನೇ ತೋರಿಸುತ್ತೀರಿ. ಆಗ ನೀವು ಆಡುವ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಉಳಿದಿದೆ: "ದೊಡ್ಡ ಮಂದಿ ಮನಿಗೆ ಬಂದಾರ. ಹಿಂದಿನ ಖೋಲಿ ತೋರ್ಸಿದ್ರ ಛಲೋ ಕಾಣತೈತೇನು?" ನಿಮ್ಮನ್ನು ಬೈಯಲು ಮನಸ್ಸು ಬರುವುದಿಲ್ಲ. ಬಂದವರನ್ನು ಹಿಂದಿನ ಕೋಣೆಯಲ್ಲಿ ಯಾರು ಕೂರಿಸುತ್ತಾರೆ? ಆದರೆ ಅಜ್ಜಿ, ಈ ಮನೆಗಿರುವ ಒಂದೇ ಬಾಗಿಲು ಪಡಸಾಲೆಯಲ್ಲಿದೆ.

ಈಗ ಪಡಸಾಲೆಗೂ ನಡುಮನೆಗೂ ಮಧ್ಯೆ ಸರ್ಕಾರದವರು ಎಳೆದ ನೀಲಿ ಗೆರೆಯಿದೆ, ಪಾಲುಗೆರೆ ಎನ್ನುತ್ತೇವೆ. ಅದನ್ನು ದಾಟಲು ದಾಟೊಪ್ಪಿಗೆ ಬೇಕು. ಎಂದರೆ, ಕಚೇರಿಯವರು ಒಪ್ಪಿದರೆ ಬೀದಿ ಬಾಗಿಲಿನ ಚೌಕಟ್ಟಿನ ಮೇಲೆ ಹಸಿರು ದೀಪ ಹೊತ್ತುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ಹಾಲು ತರಲೂ ಅದೇ, ಹೆಣ ಸಾಗಿಸಲೂ ಅದೇ. ನಮ್ಮ ಓಣಿಯಲ್ಲಿ ಯಾರೂ ರಂಗೋಲಿ ಹಾಕುವುದಿಲ್ಲ, ಹೊಸ್ತಿಲು ನಮ್ಮದಲ್ಲವಲ್ಲ. ಬೀಗರು ಬಂದರೆ ಕಿಟಕಿಯ ಸರಳುಗಳ ಸಂದಿಯಲ್ಲೇ ಕುಂಕುಮ ಕೊಟ್ಟು ಕಳಿಸುತ್ತೇವೆ. ನಗಬೇಡಿ, ನಮಗೆ ರೂಢಿಯಾಗಿದೆ. ಒಪ್ಪಿಗೆಯಿಲ್ಲದೆ ಬಾಗಿಲು ಮುರಿದರೆ ಉಳಿದ ಮನೆಯೂ ಅವತ್ತೇ ಸರ್ಕಾರಕ್ಕೆ ಸೇರುತ್ತದೆ.

ನನ್ನ ಮಗಳು ಮೇದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬೆಳಿಗ್ಗೆಯಿಂದ ನೋವು. ಮಗು ಅಡ್ಡ ಮಲಗಿದೆ, ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವತ್ತು ಕಚೇರಿಗೆ ರಜೆ. ಎಷ್ಟು ಸಲ ಕೇಳಿದರೂ ದೀಪ ಹೊತ್ತುತ್ತಿಲ್ಲ. "ಅವ್ವಾ, ಇನ್ನ ತಡಕೊಳ್ಳಾಕ ಆಗವಲ್ದು" ಎಂದು ನನ್ನ ಸೆರಗು ಹಿಡಿದು ಅಳುತ್ತಿದ್ದಾಳೆ. ಒಂದು ಕೈಯಲ್ಲಿ ಅವಳ ಬೆನ್ನು ನೀವುತ್ತಲೇ ಇದನ್ನು ಬರೆಯುತ್ತಿದ್ದೇನೆ.

ನೆರವೇ ಬೇಡವೆನ್ನಿ ಎಂದು ನಾನು ಹೇಳಲಾರೆ. ಹಾಗೆಂದರೆ ನಿಮ್ಮ ಮಕ್ಕಳು ಬೀದಿಗೆ ಬೀಳುತ್ತಾರೆ. ಆದರೆ ಅಧಿಕಾರಿಗಳು ಬರುವ ಆ ದಿನ ಮಾತ್ರ ಮರ್ಯಾದೆ, ಸಂಕೋಚ ಎಲ್ಲ ಬದಿಗಿಟ್ಟು ಹಿಂದಿನ ಕೋಣೆ ತೋರಿಸಿಬಿಡಿ. ಬೇಕಾದರೆ ಇನ್ನೊಂದು ಸಲ ಚಹಾ ಕೊಡಿ. ಬಾಗಿಲು ಕೊಡಬೇಡಿ.

ಸಹಿ ಹಾಕಿ ಒಮ್ಮೆ ತಲೆಯೆತ್ತಿ ನೋಡುತ್ತೇನೆ. ನೀವು ನನ್ನ ಮಾತು ಕೇಳಿದ್ದರೆ ಬಾಗಿಲು ತೆರೆದಿರುತ್ತದೆ. ಇಲ್ಲದಿದ್ದರೆ, ಹಾರೆ ಪಕ್ಕದಲ್ಲೇ ಇದೆ.

ನಿಮ್ಮ
ಇಂಚರಾ